ಜೇಬಿನ ಕಚ್ಚಾ ಹೊಲಿಗೆ

ಜನವರಿ ೯

ಅಕ್ಕನವರಿಗೆ ನಮಸ್ಕಾರ.

ಮದುವೆಯಾಗಿ ಇಷ್ಟು ವರ್ಷಕ್ಕೆ ನಾನು ನಿಮಗೆ ಕಾಗದ ಬರೆಯುತ್ತಿರುವುದು ಇದೇ ಮೊದಲು. ಫೋನಿನಲ್ಲಿ ಹೇಳೋಣವೆಂದು ಮೊನ್ನೆ ಅಂಗಡಿ ಬಾಗಿಲಲ್ಲಿ ನಿಂತು ಕೂಗಿದೆ. ಇಡೀ ಬೀದಿಗೆ ಕೇಳಿಸಿತು, ನಿಮಗೊಬ್ಬರಿಗೆ ಕೇಳಿಸಲಿಲ್ಲ. ನೂಲಿನ ಗಿರಣಿಯ ಸದ್ದಿನಲ್ಲಿ ಅರ್ಧ ಆಯುಷ್ಯ ಕಳೆದ ಕಿವಿಯನ್ನು ನಾನು ದೂರುವುದಿಲ್ಲ. ನಿಮ್ಮ ತಮ್ಮ, 'ನೀನೇ ಬರಿ, ನಾನು ಬರೆದ್ರೆ ಅಕ್ಕ ಅಳ್ತಾಳೆ' ಎಂದರು. ನಾನು ಬರೆದರೆ ನೀವು ಅಳುವುದಿಲ್ಲ, ಬೈಯುತ್ತೀರಿ. ಅದು ಅವರಿಗೆ ಪರವಾಗಿಲ್ಲವಂತೆ.

ವಿಷಯ ಇಷ್ಟು. ಅವರಿಗೆ ತೂಕ ಇಳಿಸುವ ಆಪರೇಷನ್ ಮಾಡಿಸುವುದೆಂದು ತೀರ್ಮಾನವಾಗಿದೆ. ಜಠರವನ್ನು ಚಿಕ್ಕದು ಮಾಡಿ ಕರುಳನ್ನು ಅದಕ್ಕೇ ಜೋಡಿಸುತ್ತಾರೆ. ಬೆಳಿಗ್ಗೆ ಸಂಜೆ ಇನ್ಸುಲಿನ್ ಚುಚ್ಚಿ, ಮೂರು ಬಗೆಯ ಮಾತ್ರೆ ಕೊಟ್ಟರೂ ಅವರ ಸಕ್ಕರೆ ಹತೋಟಿಗೆ ಬರುತ್ತಿಲ್ಲ. ಹೋದ ತಿಂಗಳು ಕಣ್ಣಿನ ಒಳಗೆ ರಕ್ತದ ಚುಕ್ಕೆಗಳು ಕಾಣಿಸಿವೆ. ಗಾಜು ಕೊಯ್ದು ಫೋಟೋಗೆ ಕಟ್ಟು ಹಾಕಿ ಬದುಕುವ ಮನುಷ್ಯನಿಗೆ ಕಣ್ಣು ಹೋದರೆ ಏನುಳಿಯುತ್ತದೆ ಎಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಎರಡು ವಾರ ಬರೀ ತಿಳಿ ಸೂಪು, ಹಾಲು, ಪುಡಿ ಕಲಸಿದ ನೀರು. ಪಿತ್ತಜನಕಾಂಗ ಕುಗ್ಗಿದರೆ ಆಪರೇಷನ್ ಸುಲಭವಂತೆ. ಊಟವೇ ಇಲ್ಲದ ಮೇಲೆ ಔಷಧಿಯೂ ಮೊದಲಿನಷ್ಟೇ ಇದ್ದರೆ ಸಕ್ಕರೆ ಪಾತಾಳಕ್ಕೆ ಇಳಿಯುತ್ತದೆ ಎಂದು ಡಾಕ್ಟರಮ್ಮ ಇನ್ಸುಲಿನ್ ಅರ್ಧ ಮಾಡಿದ್ದಾರೆ. ಹಸಿರು ಮಾತ್ರೆಯನ್ನು ಇವತ್ತಿನಿಂದಲೇ ನಿಲ್ಲಿಸಿದ್ದಾರೆ. ಇನ್ನೊಂದನ್ನು ಆಪರೇಷನ್ನಿಗೆ ಕೆಲವು ದಿನ ಮುಂಚೆ ನಿಲ್ಲಿಸುತ್ತಾರೆ.

ತಿಳಿಸಬೇಕಾದದ್ದು ತಿಳಿಸಿದ್ದೇನೆ.

ಇತಿ,
ನಿಮ್ಮ ತಮ್ಮನ ಹೆಂಡತಿ

*

ಜನವರಿ ೧೫

ತಮ್ಮನ ಹೆಂಡತಿಗೆ,

ಕಾಗದ ಬಂತು. ಎರಡು ಸಲ ಓದಿದೆ. ಮೊದಲ ಸಲ ನೀನು ಬರೆದದ್ದಕ್ಕೆ, ಎರಡನೇ ಸಲ ನೀನು ಬರೆಯದೆ ಬಿಟ್ಟಿದ್ದಕ್ಕೆ. ತೀರ್ಮಾನವಾಗಿದೆ ಅಂತೀಯಲ್ಲ, ಯಾರ ತೀರ್ಮಾನ ಅದು? ನನ್ನ ತಮ್ಮ ಗುಡಾಣ ತಾನಾಗಿ ತೀರ್ಮಾನ ಮಾಡಿದ್ದು ಅಂದರೆ ನಾನು ನಂಬುವುದಿಲ್ಲ. ಅವನು ಊಟಕ್ಕೆ ಎರಡನೇ ಸಲ ಬಡಿಸಿಕೊಳ್ಳುವುದೊಂದನ್ನು ಬಿಟ್ಟು ಬೇರೇನನ್ನೂ ತಾನಾಗಿ ತೀರ್ಮಾನ ಮಾಡಿದವನಲ್ಲ.

ಸಕ್ಕರೆ ಇರುವುದು ರಕ್ತದಲ್ಲಿ, ಕೊಯ್ಯುವುದು ಹೊಟ್ಟೆಯನ್ನು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು. ಹೋಗಲಿ, ಕೊಯ್ಯುವವರು ಓದಿದವರು. ಆದರೆ ಮಾತ್ರೆ ನಿಲ್ಲಿಸುವುದು ಎಂಥ ವೈದ್ಯ? ಅದೇ ಹಸಿರು ಮಾತ್ರೆಯನ್ನು ನಾನೂ ವರ್ಷಗಟ್ಟಲೆಯಿಂದ ನುಂಗುತ್ತಿದ್ದೇನೆ, ಬೆಳಿಗ್ಗೆ ಒಂದು, ಸಂಜೆ ಒಂದು. ಮದುವೆ ಮನೆಗೆ ಹೋದರೂ ಕೈಚೀಲದಲ್ಲಿ ಇರುತ್ತದೆ. ಒಂದು ಹೊತ್ತೂ ತಪ್ಪಿಸಿಲ್ಲ, ಅದಕ್ಕೇ ಎರಡು ಕಾಲಿನ ಮೇಲೆ ನಿಂತಿದ್ದೇನೆ.

ನಮ್ಮ ಅಮ್ಮನಿಗೂ ಒಬ್ಬ ಹೀಗೇ ಹೇಳಿದ್ದ. ಬಿಳಿ ಕೋಟು ಹಾಕಿರಲಿಲ್ಲ, ಅಷ್ಟೇ ವ್ಯತ್ಯಾಸ. ಯಾವುದೋ ಪುಡಿ ಕೊಟ್ಟು, 'ಸಕ್ಕರೆ ಹೋಯ್ತು, ಇನ್ನು ಮಾತ್ರೆ ಬೇಡ' ಅಂದ. ಅಮ್ಮ ನಂಬಿದಳು. ಮೊದಲು ಹೆಬ್ಬೆರಳು ಕಪ್ಪಾಯಿತು, ಆಮೇಲೆ ಪಾದ, ಆಮೇಲೆ ಮಂಡಿಯವರೆಗೆ ತೆಗೆದರು. ಆಮೇಲೆ ಅವಳೇ ಹೋದಳು. ಗುಡಾಣ ಆಗ ಇನ್ನೂ ಮೂರನೇ ಕ್ಲಾಸು. ಅವನನ್ನು ಬೆಳೆಸಿದವಳು ನಾನು. ಸಕ್ಕರೆ ಹೋಯಿತು ಅನ್ನುವ ಮಾತು ಯಾರ ಬಾಯಿಂದ ಬಂದರೂ ನನ್ನ ಕಿವಿಗೆ ಬೇರೆಯೇ ಕೇಳಿಸುತ್ತದೆ. ಆ ಮಟ್ಟಿಗೆ ನನ್ನ ಕಿವಿ ಸರಿಯಾಗಿಯೇ ಇದೆ.

ಇನ್ನೊಂದು ಮಾತು. ನಿಮ್ಮ ಮದುವೆ ಫೋಟೋದಲ್ಲಿ ನೀನು ಅವನಿಂದ ಒಂದು ಗೇಣು ದೂರ ನಿಂತಿದ್ದೀಯ. ನಾನು ಅದನ್ನು ಮರೆತಿಲ್ಲ. ಅವನನ್ನು ತೆಳ್ಳಗೆ ಮಾಡಬೇಕೆಂಬ ಆಸೆ ಸಕ್ಕರೆಯಿಂದ ಹುಟ್ಟಿದ್ದೋ, ಆ ಗೇಣಿನಿಂದ ಹುಟ್ಟಿದ್ದೋ, ನಿನಗೇ ಗೊತ್ತು.

ತೆಳ್ಳಗಾದರೆ ಅಂಗಿಗಳನ್ನು ನನಗೇ ಕಳಿಸು. ಅವನ ಅಳತೆಯ ಅಂಗಿ ಯಾವ ಅಂಗಡಿಯಲ್ಲೂ ಸಿಗದೆ ಇದ್ದಾಗ ಹೊಲಿದವಳು ನಾನು. ಈಗ ಅಳತೆ ಸಣ್ಣದು ಮಾಡಿ ಹಿಡಿಯುವುದಾದರೂ ನಾನೇ ಹಿಡಿಯುತ್ತೇನೆ.

ಅಕ್ಕ

*

ಫೆಬ್ರವರಿ ೮

ಅಕ್ಕನವರಿಗೆ,

ಆಪರೇಷನ್ ಸುಸೂತ್ರವಾಗಿ ಆಯಿತು. ಹೊಟ್ಟೆಯ ಮೇಲೆ ಗುಂಡಿ ಕಿತ್ತುಹೋದ ಹಾಗೆ ಐದು ಸಣ್ಣ ಗಾಯಗಳಿವೆ, ಅಷ್ಟೆ. ಮೂರನೇ ದಿನ ಕಾರಿಡಾರಿನಲ್ಲಿ ನಡೆದಾಡಿದರು.

ನೀವು ನಂಬುವುದಿಲ್ಲ, ಆದರೂ ಬರೆಯುತ್ತೇನೆ. ಒಂದು ಕಿಲೋ ತೂಕ ಇಳಿಯುವ ಮುಂಚೆಯೇ ಸಕ್ಕರೆ ಇಳಿಯಿತು. ಆಸ್ಪತ್ರೆಯಲ್ಲೇ ಇನ್ಸುಲಿನ್ ಪೂರ್ತಿ ನಿಲ್ಲಿಸಿದರು. ಕರುಳಿನ ದಾರಿ ಬದಲಾದರೆ ಮೈಯ ಲೆಕ್ಕವೇ ಬದಲಾಗುತ್ತದೆಯಂತೆ. ಈಗ ಒಂದೇ ಮಾತ್ರೆ, ದೊಡ್ಡ ಬಿಳಿಯದು. ಅದನ್ನು ಪುಡಿ ಮಾಡಿ ಕೊಡುತ್ತೇನೆ. ಉಳಿದ ಹಳೆಯ ಮಾತ್ರೆಗಳನ್ನೆಲ್ಲ ಡಾಕ್ಟರಮ್ಮ ವಾಪಸು ತರಿಸಿಕೊಂಡರು. ಮನೆಯಲ್ಲಿದ್ದರೆ ಯಾರಾದರೂ ಮರೆತು ನುಂಗುತ್ತಾರೆ ಎಂದರು.

ದಿನಕ್ಕೆ ನಾಲ್ಕು ಸಲ ಬೆರಳು ಚುಚ್ಚಿ ನೋಡುತ್ತೇನೆ. ಸಕ್ಕರೆ ಹೋಯಿತು ಎಂದು ಡಾಕ್ಟರಮ್ಮನೂ ಹೇಳಿಲ್ಲ. 'ಸದ್ಯಕ್ಕೆ ಮಲಗಿದೆ, ಎದ್ರೂ ಏಳಬಹುದು, ಕಣ್ಣಿಟ್ಟಿರಿ' ಎಂದಿದ್ದಾರೆ. ಆದ್ದರಿಂದ ನಿಮ್ಮ ಅಮ್ಮನ ಪುಡಿಯವನ ಜೊತೆ ಅವರನ್ನು ಸೇರಿಸಬೇಡಿ.

ಅವರು ಈಗ ಮಗುವಿನ ಬಟ್ಟಲಿನಲ್ಲಿ ಊಟ ಮಾಡುತ್ತಾರೆ. ನಾಲ್ಕು ಚಮಚಕ್ಕೆ ಸಾಕು ಅನ್ನುತ್ತಾರೆ. ಇಷ್ಟು ವರ್ಷದಲ್ಲಿ ಅವರ ಬಾಯಲ್ಲಿ 'ಸಾಕು' ಎಂದು ಕೇಳಿದ್ದು ಇದೇ ಮೊದಲು. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ಎರಡು ಅಂಗಿ ಕಳಿಸಿದ್ದೇನೆ. ದಯವಿಟ್ಟು ಜೊತೆಗೆ ತಿನ್ನುವುದೇನನ್ನೂ ಕಳಿಸಬೇಡಿ. ಫೋಟೋದ ಗೇಣಿನ ಬಗ್ಗೆ: ದೂರ ನಿಲ್ಲಲು ಹೇಳಿದವನು ಫೋಟೋ ತೆಗೆಯುವವನು. ಹತ್ತಿರ ನಿಂತರೆ ನಾನು ಕಾಣಿಸುತ್ತಲೇ ಇರಲಿಲ್ಲ.

ಇತಿ,
ನಿಮ್ಮ ತಮ್ಮನ ಹೆಂಡತಿ

*

ಫೆಬ್ರವರಿ ೧೮

ತಮ್ಮಾ ಗುಡಾಣ,

ಈ ಚೀಟಿ ನಿನಗೆ ಮಾತ್ರ. ಓದಿ ಹರಿದುಬಿಡು.

ನೀಲಿ ಅಂಗಿಯ ಜೇಬಿನ ಬಾಯಿಗೆ ಕಚ್ಚಾ ಹೊಲಿಗೆ ಹಾಕಿದ್ದೇನೆ. ದಾರದ ತುದಿ ಹಿಡಿದು ಎಳೆದರೆ ಒಂದೇ ಸಲಕ್ಕೆ ಬಿಚ್ಚಿಕೊಳ್ಳುತ್ತದೆ. ಒಳಗಿರುವುದು ನಿನ್ನ ಹಳೆಯ ಹಸಿರು ಮಾತ್ರೆಯೇ. ಬೆಳಿಗ್ಗೆ ತಿಂಡಿಗೆ ಮೊದಲು ಒಂದು. ಅವಳ ಬಿಳಿ ಮಾತ್ರೆಯನ್ನೂ ಬೇಡ ಅನ್ನಬೇಡ, ಅದನ್ನೂ ತಗೋ. ಎಲ್ಲಿಂದ ತಂದೆ ಎಂದು ಕೇಳಬೇಡ.

ನಿನ್ನ ಹೆಂಡತಿ ಕೆಟ್ಟವಳು ಅನ್ನುವುದಿಲ್ಲ. ಆದರೆ ಬೆಳ್ಳಗಿದ್ದದ್ದೆಲ್ಲ ಹಾಲು ಅನ್ನುವವಳು. ನಿನ್ನನ್ನು ಇನ್ಸುಲಿನ್ ಇಲ್ಲದೆ, ಮಾತ್ರೆ ಇಲ್ಲದೆ, ಊಟವೂ ಇಲ್ಲದೆ ಇಟ್ಟುಕೊಂಡು ಗುಣವಾಯಿತು ಅನ್ನುತ್ತಾಳೆ. ಅವಳು ಅಮ್ಮನ ಕಾಲು ನೋಡಿಲ್ಲ. ನೀನು ನೋಡಿದ್ದೀಯ, ನಿನಗೆ ನೆನಪಿಲ್ಲದೆ ಇರಬಹುದು. ನನಗೆ ಆ ವಾಸನೆ ಈಗಲೂ ನೆನಪಿದೆ.

ಅಂಗಿಯ ಪಕ್ಕದ ಹೊಲಿಗೆಯಲ್ಲಿ ಎರಡೂ ಕಡೆ ಮೂರು ಮೂರು ಬೆರಳು ಹಿಡಿದೆ. ಹಿಡಿಯುವಾಗ ಕೈ ಬರಲಿಲ್ಲ. ಎಷ್ಟು ವರ್ಷ ಹೊಲಿಗೆ ಬಿಚ್ಚಿ ಬಟ್ಟೆ ಬಿಡುತ್ತಲೇ ಬಂದಿದ್ದೆ.

ಅಕ್ಕ

*

ಮಾರ್ಚ್ ೨

ಅಕ್ಕಾ,

ಅಂಗಿ ಸಿಕ್ಕಿತು, ಜೇಬೂ ಸಿಕ್ಕಿತು. ಚೀಟಿ ಹರಿದೆ. ಇದನ್ನು ನೀನೂ ಹರಿ.

ದಿನಾ ಬೆಳಿಗ್ಗೆ ಸ್ನಾನದ ಮನೆಯಲ್ಲಿ ನುಂಗುತ್ತಿದ್ದೇನೆ. ಹೆಂಡತಿಗೆ ಹೆದರಿ ಸ್ನಾನದ ಮನೆಯಲ್ಲಿ ಸಿಗರೇಟು ಸೇದುವವರನ್ನು ಕಂಡಿದ್ದೇನೆ, ಮಾತ್ರೆ ನುಂಗುವವನು ನಾನೊಬ್ಬನೇ ಇರಬೇಕು. ಮಧ್ಯಾಹ್ನಕ್ಕೆ ಮುಂಚೆ ಕೈ ಸ್ವಲ್ಪ ನಡುಗುತ್ತದೆ, ಬೆವರು ಕಿತ್ತುಕೊಂಡು ಬರುತ್ತದೆ. ಎರಡು ಪೆಪ್ಪರ್‌ಮಿಂಟು ಬಾಯಿಗೆ ಹಾಕಿಕೊಂಡರೆ ಸರಿಹೋಗುತ್ತದೆ. ಆಪರೇಷನ್ ಆದವರಿಗೆಲ್ಲ ಹೀಗೇ ಆಗುತ್ತದೋ ಏನೋ.

ಇವಳು ಬೆರಳು ಚುಚ್ಚಿ ಸಂಖ್ಯೆ ನೋಡಿ ಹಿಗ್ಗುತ್ತಾಳೆ. ಅವಳ ಮುಖ ನೋಡಿದಾಗ ನನಗೂ ಒಂದು ಅನುಮಾನ. ಇದು ಆಪರೇಷನ್ನಿನ ಗುಣವೋ, ನಿನ್ನ ಮಾತ್ರೆಯ ಗುಣವೋ? ಯಾವುದೆಂದು ಗೊತ್ತಿಲ್ಲದಾಗ ಎರಡನ್ನೂ ಇಟ್ಟುಕೊಳ್ಳುವುದೇ ಜಾಣತನ. ನೀನು ಕೊಟ್ಟಿದ್ದನ್ನು ನಾನು ಎಂದೂ ಬೇಡ ಅಂದವನಲ್ಲ. ಅದಕ್ಕೇ ಗುಡಾಣ ಆದದ್ದು.

ಇನ್ನೊಂದು ಅಂಗಿ ಕಳಿಸುತ್ತಿದ್ದೇನೆ.

ಗುಡಾಣ (ಈಗ ಬರೀ ಬಿಂದಿಗೆ)

*

ಮಾರ್ಚ್ ೨೦

ಅಕ್ಕನವರಿಗೆ,

ಕೇಳಬೇಕೋ ಬೇಡವೋ ಎಂದು ವಾರವಿಡೀ ಯೋಚಿಸಿ ಕೊನೆಗೆ ಕೇಳುತ್ತಿದ್ದೇನೆ. ನೀವು ಇವರಿಗೆ ಗುಟ್ಟಾಗಿ ಸಿಹಿ ಕಳಿಸುತ್ತಿದ್ದೀರಾ?

ಪ್ಯಾಂಟಿನ ಜೇಬಿನಲ್ಲಿ, ಅಂಗಡಿಯ ಡ್ರಾಯರಿನಲ್ಲಿ, ಗಾಜಿನ ಹಾಳೆಗಳ ನಡುವೆ ಇಡುವ ಕಾಗದದ ಒಳಗೆ, ಎಲ್ಲಿ ಕೈ ಹಾಕಿದರೂ ಪೆಪ್ಪರ್‌ಮಿಂಟಿನ ಕಾಗದ. ಈ ಆಪರೇಷನ್ ಆದವರು ಸಿಹಿ ತಿಂದರೆ ಅದು ನೇರ ಕರುಳಿಗೆ ಇಳಿದು ಮೈ ಬೆವರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ ಎಂದು ನಮಗೆ ಮೊದಲೇ ಹೇಳಿದ್ದರು. ಇವರಿಗೆ ಈಗ ಅದೆಲ್ಲ ಆಗುತ್ತಿದೆ. ಕೇಳಿದರೆ ಗಾಜಿನ ಅಳತೆ ತೆಗೆಯಲು ಎದ್ದು ಹೋಗುತ್ತಾರೆ. ಹೋದ ವಾರ ಒಂದು ಕಪಾಟಿನ ಬಾಗಿಲಿಗೆ ಅಳತೆ ಹಿಡಿದು ಕೊಯ್ದ ಗಾಜು ವಾಲಿಕೊಂಡು ಬಂತು. ಅವರ ಕೈಯಲ್ಲಿ ಗೆರೆ ಸೊಟ್ಟಗಾದದ್ದನ್ನು ನಾನು ಕಂಡಿದ್ದೇ ಇಲ್ಲ. ಮೊನ್ನೆ ಒಂದು ಹಾಳೆ ಕೈಜಾರಿ ನೆಲಕ್ಕೆ ಬಿತ್ತು.

ವಿಚಿತ್ರವೆಂದರೆ ಸಿಹಿ ತಿನ್ನುವವರ ಸಕ್ಕರೆ ಏರಬೇಕು. ಇವರದು ಇಳಿಯುತ್ತಲೇ ಇದೆ. ಮಧ್ಯಾಹ್ನದ ಹೊತ್ತು ಅರವತ್ತರ ಹತ್ತಿರ ತೋರಿಸಿತು. ಡಾಕ್ಟರಮ್ಮ ತಲೆ ಕೆರೆದುಕೊಂಡು, ಉಳಿದಿದ್ದ ಬಿಳಿ ಮಾತ್ರೆಯನ್ನೂ ನಿಲ್ಲಿಸಿದ್ದಾರೆ. ಈಗ ಸಕ್ಕರೆಗೆಂದು ಒಂದೂ ಮಾತ್ರೆ ಇಲ್ಲ.

ಇನ್ನೊಂದು ಪ್ರಶ್ನೆ. ನೀವು ಕಳಿಸುವ ಅಂಗಿಗಳ ಜೇಬಿನ ಬಾಯಿ ಯಾಕೆ ಹೊಲಿದಿರುತ್ತದೆ? ನಾನು ಬಿಚ್ಚಲು ಹೋದರೆ ಇವರು ಕೈಯಿಂದ ಕಿತ್ತುಕೊಂಡು ಒಳಗೆ ಹೋಗುತ್ತಾರೆ.

ಇತಿ,
ನಿಮ್ಮ ತಮ್ಮನ ಹೆಂಡತಿ

*

ಮಾರ್ಚ್ ೨೮

ತಮ್ಮನ ಹೆಂಡತಿಗೆ,

ಅಕ್ಷರ ದೊಡ್ಡದಾಗಿದ್ದರೆ ಹೊಂದಿಕೊಂಡು ಓದು. ಈಚೆಗೆ ಕಣ್ಣು ಮಂಜು ಮಂಜಾಗಿದೆ. ಸೂಜಿಗೆ ದಾರ ಪೋಣಿಸಲು ಪಕ್ಕದ ಮನೆಯವಳನ್ನು ಕರೆಯಬೇಕಾಗಿದೆ.

ಸಿಹಿ ನಾನು ಕಳಿಸಿಲ್ಲ. ಬೇಕಾದರೆ ಆಣೆ ಮಾಡುತ್ತೇನೆ. ಅವನು ಪೆಪ್ಪರ್‌ಮಿಂಟು ತಿನ್ನುತ್ತಿದ್ದರೆ ಹಸಿವಿಗೆ ತಿನ್ನುತ್ತಿದ್ದಾನೆ. ನಾಲ್ಕು ಚಮಚ ಕೊಟ್ಟು ಗಂಡನನ್ನು ಸಾಕುವವಳು ಅವನ ಜೇಬು ಯಾಕೆ ತಡಕುತ್ತೀಯ? ನೀನು ಕಳಿಸಿದ ಅಂಗಿಯ ಬೆನ್ನು, ಕಂಕುಳು, ಕಾಲರ್ ಎಲ್ಲ ಬೆವರಿನ ಉಪ್ಪು ಕಟ್ಟಿ ಬೆಳ್ಳಗಿತ್ತು. ಅಂಗಿ ಸುಳ್ಳು ಹೇಳುವುದಿಲ್ಲ. ನನ್ನ ತಮ್ಮ ಸುಖವಾಗಿಲ್ಲ.

ಜೇಬು ಹೊಲಿಯುವುದು ಪಾರ್ಸಲಿನಲ್ಲಿ ಮಡಿಕೆ ಕೆಡಬಾರದೆಂದು. ದರ್ಜಿಗಳೆಲ್ಲ ಮಾಡುವ ಕೆಲಸ. ಅದಕ್ಕೂ ಅನುಮಾನವೇ?

ಒಂದೂ ಮಾತ್ರೆ ಇಲ್ಲ ಎಂದು ನೀನು ಬರೆದ ಸಾಲನ್ನು ಎಷ್ಟು ಸಲ ಓದಿದೆನೋ. ಓದುತ್ತ ಇಸ್ತ್ರಿ ಪೆಟ್ಟಿಗೆ ಕೈಯಿಂದ ಜಾರಿ ಕಾಲಿನ ಮೇಲೆ ಬಿದ್ದದ್ದೇ ಗೊತ್ತಾಗಲಿಲ್ಲ. ಚರ್ಮ ಸುಟ್ಟ ವಾಸನೆ ಬಂದಾಗ ನೋಡಿಕೊಂಡೆ. ಉರಿ ಗಿರಿ ಏನಿಲ್ಲ, ಮುಲಾಮು ಹಚ್ಚಿದ್ದೇನೆ, ಇನ್ನೂ ಮಾಗಿಲ್ಲ. ಬಿಸಿಲಿಗೆ ಬಾಯಾರಿಕೆ ಬೇರೆ, ಕೊಡ ತುಂಬಿಟ್ಟರೆ ಸಂಜೆಗೆ ತಳ ಕಾಣುತ್ತದೆ. ವಯಸ್ಸಾಯಿತು.

ನಿನ್ನ ಡಾಕ್ಟರಮ್ಮನಿಗೆ ಕೇಳು: ಅವರ ಮನೆಯವರಿಗಾದರೆ ಎಲ್ಲ ಮಾತ್ರೆ ನಿಲ್ಲಿಸುತ್ತಿದ್ದರಾ?

ಎರಡು ಅಂಗಿ ಕಳಿಸಿದ್ದೇನೆ. ಜೇಬು ಅವನೇ ಬಿಚ್ಚಲಿ.

ಅಕ್ಕ

*

ಏಪ್ರಿಲ್ ೧೨

ನಿಮ್ಮ ತಮ್ಮ ಬದುಕಿದ್ದಾರೆ. ಮೊದಲು ಅದನ್ನು ಓದಿಕೊಳ್ಳಿ.

ಮಂಗಳವಾರ ಬೆಳಿಗ್ಗೆ ಆಳೆತ್ತರದ ಗಾಜಿನ ಹಾಳೆಯನ್ನು ಗೋಡೆಯಿಂದ ಮೇಜಿಗೆ ತರುತ್ತಿದ್ದರು. ನಾನು ಕೌಂಟರಿನಲ್ಲಿದ್ದೆ. ಅವರು ನನ್ನ ಕಡೆ ತಿರುಗಿ ಯಾವುದೋ ಗುರುತಿಲ್ಲದ ಹೆಂಗಸನ್ನು ನೋಡುವ ಹಾಗೆ ನೋಡಿದರು. ಆಮೇಲೆ ಗಾಜು ಸಮೇತ ಕುಸಿದರು. ಎಡಗೈ ಮೊಣಕೈಯಿಂದ ಮಣಿಕಟ್ಟಿನವರೆಗೆ ಸೀಳಿಹೋಗಿತ್ತು. ನಾನು ಗಾಜಿನ ಚೂರುಗಳ ಮೇಲೆ ಮಂಡಿಯೂರಿ ಕೂತಿದ್ದೆನಂತೆ, ನನಗೆ ತಿಳಿಯಲೇ ಇಲ್ಲ.

ಆಸ್ಪತ್ರೆಯಲ್ಲಿ ಸಕ್ಕರೆ ನೋಡಿದರೆ ಮೂವತ್ತೊಂದು. ಗ್ಲೂಕೋಸ್ ಏರಿಸಿದರು, ಕಣ್ಣು ಬಿಟ್ಟರು. ಸ್ವಲ್ಪ ಹೊತ್ತಿಗೆ ಮತ್ತೆ ಇಳಿಯಿತು. ಮತ್ತೆ ಏರಿಸಿದರು, ಮತ್ತೆ ಇಳಿಯಿತು. ಎರಡು ದಿನ ಇದೇ ಆಟ. ಡಾಕ್ಟರಮ್ಮ ನನ್ನನ್ನು ಪಕ್ಕದ ಕೋಣೆಗೆ ಕರೆದು ಬಾಗಿಲು ಹಾಕಿದರು.

'ಮನೇಲಿ ಮಾತ್ರೆ ಕೊಡೋದು ಯಾರು?' ಎಂದರು.

'ನಾನೇ.'

'ಏನು ಕೊಡ್ತಾ ಇದ್ದೀರಿ?'

'ಏನೂ ಇಲ್ಲ. ನೀವೇ ನಿಲ್ಲಿಸಿದ್ದೀರಲ್ಲ.'

'ಮಾತ್ರೆ ಒಳಗೆ ಹೋಗದೆ ಸಕ್ಕರೆ ಈ ಥರ ಹಟ ಮಾಡಿ ಇಳಿಯಲ್ಲಮ್ಮ' ಎಂದು ನನ್ನನ್ನೇ ನೋಡುತ್ತ ಕೂತರು. ನರ್ಸು ಬಾಗಿಲ ಬಳಿ ನಿಂತಿದ್ದಳು. ಗಂಡನಿಗೆ ವಿಷ ಹಾಕಿದ ಹೆಂಗಸನ್ನು ಹೇಗೆ ನೋಡುತ್ತಾರೆ ಎಂದು ನನಗೆ ಅವತ್ತು ಗೊತ್ತಾಯಿತು. ನೀವು ಎಷ್ಟೋ ವರ್ಷದಿಂದ ನೋಡುತ್ತಿರುವುದೂ ಹಾಗೆಯೇ, ಆದರೆ ನೀವು ದೂರದಲ್ಲಿದ್ದಿರಿ.

ಅವರ ಮೈಮೇಲಿಂದ ಕತ್ತರಿಸಿ ತೆಗೆದ ಅಂಗಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ನನ್ನ ಕೈಗೆ ಕೊಟ್ಟರು. ರಕ್ತ ಒಣಗಿ ಗಡುಸಾಗಿತ್ತು. ಎದೆಯ ಜೇಬಿನಲ್ಲಿ ಏನೋ ಕೈಗೆ ಹತ್ತಿತು. ಜೇಬಿನ ಬಾಯಲ್ಲಿ ಅರ್ಧ ಬಿಚ್ಚಿದ ಕಚ್ಚಾ ಹೊಲಿಗೆ, ಒಳಗೆ ಕತ್ತರಿಸಿದ ಪಟ್ಟಿಯಲ್ಲಿ ಮೂರು ಹಸಿರು ಮಾತ್ರೆ. ನಿಮ್ಮ ಹೊಲಿಗೆ ಯಾವುದೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮದುವೆಯಾದಾಗಿನಿಂದ ಅದನ್ನು ಒಗೆಯುತ್ತ ಬಂದಿದ್ದೇನೆ.

ಡಾಕ್ಟರಮ್ಮನಿಗೆ ತೋರಿಸಿದೆ. ಊಟ ನಾಲ್ಕು ಚಮಚಕ್ಕೆ ಇಳಿದ ಮೈಗೆ ಈ ಮಾತ್ರೆ ಎಷ್ಟು ಅಪಾಯವೆಂದು ಅವರು ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ. ನೀವು ಮಾತ್ರೆ ಕಳಿಸಿದಿರಿ, ಸಕ್ಕರೆ ಇಳಿಯಿತು. ಇಳಿದದ್ದನ್ನು ಕಂಡು ಅವರು ಮಾತ್ರೆ ನಿಲ್ಲಿಸಿದರು. ನಿಲ್ಲಿಸಿದ್ದನ್ನು ಕೇಳಿ ನೀವು ಮತ್ತೆ ಕಳಿಸಿದಿರಿ. ಪೆಪ್ಪರ್‌ಮಿಂಟು ಅವರ ಚಪಲಕ್ಕಲ್ಲ, ಪ್ರಾಣಕ್ಕೆ. ನಾನು ಅದನ್ನೂ ಕಿತ್ತು ಬಿಸಾಡಿದ್ದೆ. ಆ ಪಾಪ ನನ್ನದು.

ಯಾಕೆ ಹೇಳಲಿಲ್ಲ ಎಂದು ಅವರನ್ನು ಕೇಳಿದೆ. 'ಅಕ್ಕ ಕೊಟ್ಟದ್ದು' ಎಂದರು. ಗೋಡೆಯ ಕಡೆ ತಿರುಗಿ ಮಲಗಿದರು.

ದಿನಕ್ಕೆ ಎಷ್ಟು ಎಂದು ಹೇಳಿದ್ದಿರಿ, ಯಾವತ್ತಿನಿಂದ? ಡಾಕ್ಟರಮ್ಮನಿಗೆ ಬೇಕು. ನನಗೆ ಬೇರೇನೂ ಬೇಡ.

*

ಏಪ್ರಿಲ್ ೧೬

ತಮ್ಮನ ಹೆಂಡತಿಗೆ,

ಫೆಬ್ರವರಿ ಕೊನೆಯಿಂದ ಬೆಳಿಗ್ಗೆ ಒಂದು. ನೀನು ಬಿಳಿ ಮಾತ್ರೆಯೂ ನಿಂತಿತು ಎಂದು ಬರೆದ ಮೇಲೆ ಬೆಳಿಗ್ಗೆ ಒಂದು, ಸಂಜೆ ಒಂದು ಎಂದು ಜೇಬಿನೊಳಗೇ ಚೀಟಿ ಇಟ್ಟೆ. ಹೇಳಿದ್ದು ನಾನು, ಕಳಿಸಿದ್ದು ನಾನು. ಅವನದೇನೂ ತಪ್ಪಿಲ್ಲ, ನಿನ್ನದಂತೂ ಇಲ್ಲವೇ ಇಲ್ಲ. ಡಾಕ್ಟರಮ್ಮನಿಗೆ ಹಾಗೆಂದು ಹೇಳು. ಪೊಲೀಸರಿಗೆ ಹೇಳಬೇಕೆಂದಿದ್ದರೂ ಹೇಳಲಿ, ನನ್ನ ವಿಳಾಸ ಕೊಡು.

ಅಮ್ಮನ ಕಾಲು ಉಳಿಸಲಾಗಲಿಲ್ಲ, ಇವನ ಕಾಲನ್ನಾದರೂ ಉಳಿಸೋಣ ಅಂದುಕೊಂಡೆ. ಮಾತ್ರೆ ಇಲ್ಲದೆ ಸಾಯುವುದನ್ನು ನೋಡಿದ್ದೆ. ಮಾತ್ರೆಯಿಂದಲೇ ಸಾಯಬಹುದೆಂದು ನನಗೆ ಹೊಳೆಯಲೇ ಇಲ್ಲ.

ಅವನ ಕೈ ಹೇಗಿದೆ? ಬೆರಳು ಮಡಿಸುತ್ತಾನಾ? ಗಾಜು ಕೊಯ್ಯಲು ಆಗುತ್ತದಾ? ಇದಿಷ್ಟನ್ನು ಬರಿ. ಆಮೇಲೆ ಬರೆಯದಿದ್ದರೂ ಸರಿ. ಅಂಗಿಗಳನ್ನು ಬೇರೆ ಯಾರಿಗಾದರೂ ಕೊಟ್ಟು ಹಿಡಿಸಿಕೊ. ಹೆಗಲ ಹತ್ತಿರ ಜಾಸ್ತಿ ಹಿಡಿಯಬೇಡಿ ಎಂದು ಹೇಳು, ಅವನಿಗೆ ಬಿಗಿಯಾಗುತ್ತದೆ.

ಅಕ್ಕ

*

ಏಪ್ರಿಲ್ ೨೩

ಅಕ್ಕನವರಿಗೆ,

ಬೆರಳು ಮಡಿಸುತ್ತಾರೆ. ನರ ಉಳಿದಿದೆ. ಇನ್ನೆರಡು ತಿಂಗಳಿಗೆ ಗಾಜು ಕೊಯ್ಯುವ ಕಟ್ಟರ್ ಹಿಡಿಯಬಹುದಂತೆ. ಸಕ್ಕರೆ ಈಗ ಯಾವ ಮಾತ್ರೆಯೂ ಇಲ್ಲದೆ ತಾನಾಗಿ ನೂರರ ಆಸುಪಾಸಿನಲ್ಲಿದೆ. ಇದು ಆಪರೇಷನ್ನಿನ ಗುಣವೇ ಎಂಬುದರಲ್ಲಿ ಅವರಿಗೂ ಈಗ ಅನುಮಾನವಿಲ್ಲ.

ನಿಮ್ಮ ಕಾಗದವನ್ನು ಕೋಪದಲ್ಲಿ ಓದಿ ಮಡಿಸಿಟ್ಟಿದ್ದೆ. ನಿನ್ನೆ ಇವರ ಗಾಯಕ್ಕೆ ಬಟ್ಟೆ ಬದಲಾಯಿಸುವಾಗ ಒಂದು ಮಾತು ತಲೆಗೆ ಬಂತು. ಹಸಿರು ಮಾತ್ರೆಯನ್ನು ಔಷಧಿ ಅಂಗಡಿಯವನು ಚೀಟಿ ಇಲ್ಲದೆ ಕೊಡುವುದಿಲ್ಲ. ಇವರ ಚೀಟಿ ನನ್ನ ಹತ್ತಿರ ಇದೆ. ಹಾಗಾದರೆ ನೀವು ಕಳಿಸಿದ್ದು ಯಾರ ಮಾತ್ರೆ?

ಮಾರ್ಚಿನ ಕಾಗದವನ್ನು ಮತ್ತೆ ತೆಗೆದು ಓದಿದೆ. ನೀವು ಹೇಳಿದ ಹಾಗೆಯೇ ಎರಡು ಸಲ ಓದಿದೆ. ಕಣ್ಣು ಮಂಜು. ಕೊಡದ ತಳ ಕಾಣುವಷ್ಟು ಬಾಯಾರಿಕೆ. ಇಸ್ತ್ರಿ ಪೆಟ್ಟಿಗೆ ಬಿದ್ದರೂ ಗೊತ್ತಾಗದ ಕಾಲು, ಮಾಗದ ಗಾಯ. ಬೆಳಿಗ್ಗೆ ಒಂದು, ಸಂಜೆ ಒಂದು ನುಂಗುವವರು ನೀವು. ಇವರಿಗೆ ಕಳಿಸಿದ್ದು ಮೊದಲು ಬೆಳಗಿನದು, ಆಮೇಲೆ ಸಂಜೆಯದು. ಅಕ್ಕ, ಫೆಬ್ರವರಿಯಿಂದ ನೀವು ಏನು ನುಂಗುತ್ತಿದ್ದೀರಿ?

ಈ ಪ್ರಶ್ನೆಗೆ ಕಾಗದದಲ್ಲಿ ಉತ್ತರ ಬೇಡ. ನೀವು ಬರೆದದ್ದನ್ನು ನಾನು ನಂಬುವುದಿಲ್ಲ. ಜೇಬಿನ ಮಡಿಕೆಗೆಂದು ಹೊಲಿದೆ ಎಂದು ಬರೆದವರು ನೀವು. ಭಾನುವಾರ ಬೆಳಗಿನ ಬಸ್ಸಿಗೆ ನಾನೇ ಬರುತ್ತಿದ್ದೇನೆ, ಬೆರಳು ಚುಚ್ಚುವ ಯಂತ್ರ ಜೊತೆಗಿರುತ್ತದೆ. ಕಾಲುಚೀಲ ಹಾಕಿಕೊಂಡು, ಗಾಯ ಮಾಗಿದೆ ಅನ್ನಬೇಡಿ. ಬಿಚ್ಚಿಸಿ ನೋಡುತ್ತೇನೆ.

ನನ್ನ ಕೋಪ ಹೋಗಿಲ್ಲ. ಅದನ್ನೂ ತರುತ್ತಿದ್ದೇನೆ. ಆದರೆ ಅದು ಹೋಗುವವರೆಗೆ ನಿಮ್ಮ ಕಾಲು ಕಾಯುವುದು ಬೇಡ.

ಇತಿ,
ನಿಮ್ಮ ತಮ್ಮನ ಹೆಂಡತಿ

*

ಆಗಸ್ಟ್ ೩೦

ಹುಡುಗಿ,

ಪಾರ್ಸಲ್ ಬಂತು. ಈ ಸಲ ಕಳಿಸಿದ ಅಂಗಿಯಲ್ಲಿ ಹಿಡಿಯುವುದಕ್ಕೂ ಬಿಡುವುದಕ್ಕೂ ಏನೂ ಇಲ್ಲ. ಅಳತೆ ಪಟ್ಟಿ ಹಿಡಿದು ನೋಡಿದೆ, ಹೋದ ತಿಂಗಳಿನಷ್ಟೇ ಇದೆ. ಬಿಂದಿಗೆ ಚೊಂಬಾಗುವ ಮೊದಲು ನಿಂತಿತಲ್ಲ, ಒಳ್ಳೆಯದಾಯಿತು. ಸುಮ್ಮನೆ ಜೇಬಿಗೋಸ್ಕರ ಅಂಗಿ ಕಳಿಸುತ್ತಿದ್ದೀಯ ಎಂದು ನನಗೆ ಅನುಮಾನ.

ಒಂದು ಮಾತು ಹೇಳಲೇಬೇಕು. ನಿನ್ನ ಕಚ್ಚಾ ಹೊಲಿಗೆ ನೋಡಲಾಗುವುದಿಲ್ಲ. ಕೋಳಿ ಕೆರೆದ ಹಾಗಿದೆ. ಎಳೆದರೆ ಬಿಚ್ಚಿಕೊಳ್ಳುವುದಿಲ್ಲ, ಕತ್ತರಿ ಹಾಕಬೇಕು. ನನ್ನ ಮಾತ್ರೆಗಳನ್ನು ಈ ಬೀದಿಯ ಅಂಗಡಿಯಲ್ಲೇ ತಗೊಳ್ಳುತ್ತೇನೆ ಎಂದು ಎಷ್ಟು ಹೇಳಿದರೂ ನೀನು ಕೇಳುವುದಿಲ್ಲ. 'ಪೂರ್ತಿ ಡಬ್ಬಿ ನಿಮ್ಮ ಕೈಗೆ ಕೊಟ್ರೆ ಯಾರಿಗೆ ಹಂಚ್ತೀರೋ' ಎಂದು ಬಸ್ ಸ್ಟಾಂಡಿನಲ್ಲಿ ಎಲ್ಲರ ಮುಂದೆ ಕೂಗಿದೆ. ಅದು ಮಾತ್ರ ನನಗೆ ಚೆನ್ನಾಗಿ ಕೇಳಿಸಿತು. ಹೀಗೆ ಹದಿನೈದು ದಿನಕ್ಕಾಗುವಷ್ಟು ಎಣಿಸಿ ಜೇಬಿನಲ್ಲಿಟ್ಟು ಕಳಿಸುತ್ತೀಯ, ಮಗುವಿಗೆ ಬುತ್ತಿ ಕಟ್ಟಿದ ಹಾಗೆ.

ಕಾಲಿನ ಡಾಕ್ಟರು ನಿನ್ನೆ ನೋಡಿ, ಎರಡು ಬೆರಳು ತೆಗೆದದ್ದಕ್ಕೇ ನಿಂತಿತು, ಪಾದ ಉಳಿಯಿತು ಎಂದರು. ನೀನು ಆ ಭಾನುವಾರ ಬರದೆ ಮುಂದಿನ ಭಾನುವಾರ ಬಂದಿದ್ದರೆ ಅಮ್ಮನ ದಾರಿಯೇ ಆಗುತ್ತಿತ್ತಂತೆ. ಬಾಗಿಲು ತೆಗೆದಾಗ ನಿನ್ನ ಮುಖ ನೋಡಿ, ಜಗಳಕ್ಕೇ ಬಂದಿದ್ದಾಳೆ ಎಂದು ನಾನೂ ಸೊಂಟ ಕಟ್ಟಿ ನಿಂತಿದ್ದೆ. ನೀನು ನೆಲದ ಮೇಲೆ ಕೂತು ನನ್ನ ಕಾಲನ್ನು ಮಡಿಲಿಗೆ ಎಳೆದುಕೊಂಡೆ. ಆ ವಾಸನೆಗೆ ಮೂಗನ್ನೂ ಮುಚ್ಚಲಿಲ್ಲ. ಅಮ್ಮನ ಕಾಲಿಗೆ ನಾನು ಮುಚ್ಚಿದ್ದೆ.

ಫೋಟೋದ ಗೇಣಿನ ಬಗ್ಗೆ ನಾನು ಬರೆದದ್ದನ್ನು ಹಿಂದಕ್ಕೆ ತಗೊಂಡಿದ್ದೇನೆ. ಕಾಗದವನ್ನು ಹಿಂದಕ್ಕೆ ತಗೊಳ್ಳುವುದು ಹೇಗೆ ಗೊತ್ತಿಲ್ಲ, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ಗುಡಾಣನ ಅಂಗಿಯ ಜೊತೆ ಒಂದು ರವಿಕೆಯೂ ಇದೆ, ನೋಡು. ಅಳತೆ ಕೇಳಲಿಲ್ಲ, ನೀನು ಕೂತು ಬ್ಯಾಂಡೇಜು ಸುತ್ತುವಾಗ ಕಣ್ಣಳತೆಯಲ್ಲಿ ತಗೊಂಡೆ. ಬಿಗಿಯಾದರೆ ಇರಲಿ ಎಂದು ಪಕ್ಕದಲ್ಲಿ ಎರಡು ಬೆರಳು ಬಟ್ಟೆ ಬಿಟ್ಟಿದ್ದೇನೆ.

ಅಂಗಿಯ ಜೇಬನ್ನು ನೀನೇ ಬಿಚ್ಚು. ಒಳಗೆ ಹೋದ ಸಲದ ಮಾತ್ರೆಯ ಖಾಲಿ ಪಟ್ಟಿಗಳಿವೆ, ಎಲ್ಲವನ್ನೂ ನುಂಗಿದ್ದೇನೆ. ನುಂಗಿದಳೋ ತೊಟ್ಟಿಗೆ ಹಾಕಿದಳೋ ಎಂದು ನಿನಗೆ ಅನುಮಾನ ಬಂದೇ ಬರುತ್ತದೆ, ನನಗೆ ಗೊತ್ತು. ಬಂದರೆ ಬೆಳಗಿನ ಬಸ್ಸಿಗೇ ಹೊರಟು ಬಾ.

ನಿನ್ನ ಅಕ್ಕ